ಮೊದಲೇ ಕೂಗಿದ ಬಾತುಕೋಳಿ

೧೯೮೯ರ ನವೆಂಬರ್ ಹನ್ನೊಂದು, ಶನಿವಾರ. ಬೆಳಿಗ್ಗೆ ಬಿದ್ದ ಹಿಮ ಮಧ್ಯಾಹ್ನದ ಮಳೆಗೆ ಕರಗಿ ಬರ್ಲಿಂಗ್ಟನ್ನಿನ ಬೀದಿಗಳಲ್ಲಿ ಕೆಸರಾಗಿ ನಿಂತಿತ್ತು. ಶಾಲಾ ಬಸ್ಸಿನ ಚಾಲಕಿ ಲೋರ್ನಾ ತಿಬೋ ಬೂಟು ಒರೆಸಿಕೊಂಡು ಕ್ಯಾಸೆಟ್ ಅಂಗಡಿಯೊಳಕ್ಕೆ ಬಂದಾಗ ಜನ ಆಗಲೇ ಕಿಕ್ಕಿರಿದಿದ್ದರು. 'ಕೆಟಲ್ ಬಾರ್ನ್' ಎಂಬ ಸಂಗೀತ ತಂಡ ಸ್ಟುಡಿಯೋದಲ್ಲಿ ಮಾಡಿದ ಮೊದಲ ಆಲ್ಬಂ ಅಂದು ಅಲ್ಲಿ ಬಿಡುಗಡೆಯಾಗಲಿತ್ತು.

ಆ ತಂಡ ವೇದಿಕೆಯ ಮೇಲೆ ಒಂದು ಹಾಡನ್ನು ಎರಡು ಸಲ ಒಂದೇ ಬಗೆಯಲ್ಲಿ ನುಡಿಸಿದ್ದಿಲ್ಲ. ಹಾಗಾಗಿ ಲೋರ್ನಾ ಪ್ರತಿ ಕಾರ್ಯಕ್ರಮಕ್ಕೂ ಹೋಗಿ, ಉದ್ದನೆಯ ಕೋಲಿಗೆ ಮೈಕು ಕಟ್ಟಿ ಧ್ವನಿಮುದ್ರಿಸಿಕೊಳ್ಳುತ್ತಿದ್ದಳು. ಕೇಳಿದವರಿಗೆಲ್ಲ ಪ್ರತಿ ಮಾಡಿ ಅಂಚೆಯಲ್ಲಿ ಕಳಿಸುತ್ತಿದ್ದಳು. ತಂಡದ ಒಪ್ಪಿಗೆಯೂ ಇತ್ತು. ಕಾಸು ಮುಟ್ಟಬಾರದೆಂಬುದೊಂದೇ ಕಟ್ಟಳೆ. ಆ ಬೇಸಿಗೆಯಲ್ಲಿ ತಂಡದ ಡ್ರಮ್ ವಾದಕ, ಅವಳ ಗೆಳೆಯ ಕರ್ಟಿಸ್ ಹೇಲ್ ಇನ್ನೂ ಬಿಡುಗಡೆಯಾಗದ ಹೊಸ ಆಲ್ಬಮ್ಮಿನ ಕ್ಯಾಸೆಟ್ಟೊಂದನ್ನು ಅವಳ ಕೈಗಿತ್ತು, ಕೇಳಿ ಹೇಗಿದೆಯೆಂದು ತಿಳಿಸಲು ಕೋರಿದ್ದ. ಅಭ್ಯಾಸಬಲದಿಂದ ಅವಳು ಅದನ್ನೂ ಪ್ರತಿ ಮಾಡಿ ಎಲ್ಲರಿಗೂ ಕಳಿಸಿದ್ದಳು. ಸ್ಟುಡಿಯೋದ ಕ್ಯಾಸೆಟ್ಟಿಗೆ ಆ ಪದ್ಧತಿ ಸಲ್ಲದೆಂಬುದು ಹೊಳೆದೇ ಇರಲಿಲ್ಲ.

ಅಂಗಡಿಯಾತ ಆಲ್ಬಂ ಹಾಕಿದ. ಅದರ ಒಂದು ಹಾಡಿನಲ್ಲಿ ಗಿಟಾರು, ಪಿಯಾನೋ ಮುಟ್ಟಾಟದ ಮಕ್ಕಳಂತೆ ಒಂದನ್ನೊಂದು ಅಟ್ಟಿಸಿಕೊಂಡು ಓಡಿ ಥಟ್ಟನೆ ನಿಂತುಬಿಡುತ್ತವೆ. ಮೌನ. ಆಮೇಲೆ ಆಟಿಕೆಯ ಬಾತುಕೋಳಿಯೊಂದು ಕ್ವಾಕ್ ಎನ್ನುತ್ತದೆ. ವೇದಿಕೆಯ ಮೇಲೆ ಎಂದೂ ತೋರಿಸದೆ ಕರ್ಟಿಸ್ ಬಚ್ಚಿಟ್ಟುಕೊಂಡಿದ್ದ ತಮಾಷೆ ಅದು. ಆದರೆ ಮೌನ ಬಂದದ್ದೇ ತಡ, ಅಂಗಡಿಯಲ್ಲಿದ್ದ ಜನವೆಲ್ಲ ಒಟ್ಟಿಗೆ ಬಾತುಕೋಳಿಯಂತೆ ಕೂಗಿದರು. ಆ ಗದ್ದಲದಲ್ಲಿ ಕ್ಯಾಸೆಟ್ಟಿನ ಕೂಗು ಯಾರಿಗೂ ಕೇಳಿಸಲಿಲ್ಲ.

ಲೋರ್ನಾಳ ಕಿವಿಯವರೆಗೂ ಬಿಸಿಯೇರಿತು. ಕರ್ಟಿಸ್ ಜನರ ನಡುವೆ ದಾರಿ ಮಾಡಿಕೊಂಡು ಬಂದ.

“ಎಲ್ರಿಗೂ ಬಾಯಿಪಾಠ ಮಾಡ್ಸಿದೀಯಲ್ಲ, ಮೇಡಂ. ಫೀಸು ಎಷ್ಟು?”

“ಯಾವಾಗ್ಲೂ ಕಳ್ಸೋ ಹಾಗೇ ಇದನ್ನೂ ಕಳಿಸ್ಬಿಟ್ಟೆ ಕಣೋ.”

“ಹೋಗ್ಲಿ ಬಿಡು. ಒಂದು ಹೇಳು. ಮೊದಲ್ನೇ ಸಲ ಕೇಳ್ದಾಗ ನಿಂಗೆ ನಗು ಬಂತಾ? ಫೋನ್ ಮಾಡ್ತೀಯ ಅಂತ ಕಾಯ್ತಿದ್ದೆ.”

ಲೋರ್ನಾ ನೆನೆಯಲು ಯತ್ನಿಸಿದಳು. ಆ ಕೂಗಿಗೆ, ಪ್ರತಿ ಮಾಡುವ ಯಂತ್ರದಲ್ಲಿ ಸದ್ದಿನ ಮಟ್ಟ ತೋರಿಸುವ ಮುಳ್ಳು ಕೆಂಪು ಗೆರೆಗೆ ಹಾರಿತ್ತು. ಪ್ರತಿ ಕೆಟ್ಟೀತೆಂದು ಅವಳು ಗುಂಡಿ ತಿರುಗಿಸಿದ್ದಳು. ನೆನಪಿದ್ದದ್ದು ಅಷ್ಟೇ. ಗೆಳೆಯ ಕೊಟ್ಟ ಹಾಡನ್ನು ಊರಿಗೆಲ್ಲ ಹಂಚಿದವಳು ತಾನು ಕೇಳಿಯೇ ಇರಲಿಲ್ಲ.

“ಇಲ್ಲ,” ಎಂದಳು. “ಮುಳ್ಳು ನೋಡ್ತಿದ್ದೆ.”

ಅವನು ಮೆಲ್ಲಗೆ ತಲೆಯಾಡಿಸಿ, ಯಾರೋ ಕರೆದ ಕಡೆಗೆ ಹೊರಟುಹೋದ. ಅವಳ ಹೆಸರು ಬರೆದು ಅವನು ತೆಗೆದಿಟ್ಟಿದ್ದ ಆಲ್ಬಂ ಗಲ್ಲಾದ ಪಕ್ಕದಲ್ಲಿತ್ತು. ಅದನ್ನು ತೆಗೆದುಕೊಳ್ಳಲು ಕೈ ಬಾರದೆ, ಸರದಿಯಲ್ಲಿ ನಿಂತು ಬೇರೊಂದನ್ನು ಕೊಂಡಳು.

ಅಂದಿನ ಅವಳ ಖರ್ಚು: ಆಲ್ಬಮ್ಮಿಗೆ ಎಂಟು ಡಾಲರ್, ಪೆಟ್ರೋಲಿಗೆ ಮೂರು, ಮನೆಯ ದಾರಿಯಲ್ಲಿ ಕೊಂಡು ಕುಡಿಯದೆ ಬಿಟ್ಟ ಕಾಫಿಗೆ ಅರ್ಧ.