ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದ ಮುಕಾದಮ ಚಾಚಾ

ಮುಕಾದಮ ಚಾಚಾ ಅವರ ಎಡಗೆನ್ನೆ ಸದಾ ಉಬ್ಬಿರುತ್ತಿತ್ತು. ಗಿರಣಿಗೆ ಹೊಸದಾಗಿ ಸೇರಿದವರು ಹಲ್ಲುನೋವಿರಬೇಕೆಂದು ಮರುಗುತ್ತಿದ್ದರು. ನಾನೂ ಮೊದಲ ದಿನ ಲವಂಗ ಕೊಡಲು ಹೋಗಿ ನಗೆಪಾಟಲಾದೆ. ಕೆನ್ನೆಯೊಳಗಿದ್ದದ್ದು ವೀಳ್ಯದೆಲೆ, ಟಿಕೋಟಾದ ಅವರ ತಮ್ಮನ ತೋಟದ್ದು.

ಆಗ ಯುದ್ಧದ ಕಾಲ. ವಿಜಾಪುರದ ಅಂಚಿನ ಹತ್ತಿ ಗಿರಣಿಯಲ್ಲಿ ನಾವು ಹೆಂಗಸರು ಯಂತ್ರದ ಬಾಯಿಗೆ ಹತ್ತಿ ಉಣಿಸುತ್ತಿದ್ದೆವು. ನಾನು ಬಸುರಿಯಿದ್ದಾಗಲೇ ಗಂಡ ಜ್ವರ ಬಂದು ತೀರಿಹೋಗಿದ್ದ. ಜೋರಾಪುರ ಪೇಟೆಯಲ್ಲೊಂದು ಕೋಣೆ, ಕಂಕುಳಲ್ಲೊಂದು ಕೂಸು, ಈ ಕೆಲಸ. ನನಗಿದ್ದದ್ದು ಅಷ್ಟೇ. ಜೊತೆಗೆ ಜೋರು ಬಾಯಿ, ಅದಕ್ಕೆ ಮಾತ್ರ ಬರವಿರಲಿಲ್ಲ.

ಕೆಲಸಕ್ಕೆ ಜನರನ್ನು ಸೇರಿಸುವುದು, ರಜೆ ಕೇಳಿಕೊಡುವುದು, ಗಿರಣಿಯ ಸಾಹುಕಾರರ ಮಾತನ್ನು ನಮಗೂ ನಮ್ಮ ಮಾತನ್ನು ಅವರಿಗೂ ಮುಟ್ಟಿಸುವುದು, ಎಲ್ಲವೂ ಮುಕಾದಮರಾದ ಚಾಚಾ ಅವರ ಪಾಲಿಗೆ. ಕಚೇರಿಗೂ ನಮ್ಮ ಶೆಡ್ಡಿಗೂ ನಡುವೆ ಒಂದು ಬೇವಿನ ಮರವಿತ್ತು. ಯಾವ ಕಡೆಯಿಂದ ಹೊರಟರೂ ಅವರು ಅಲ್ಲಿ ನಿಲ್ಲಲೇಬೇಕು. ಸಂಚಿ ಬಿಚ್ಚಿ, ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಬಾಯಿಗಿಟ್ಟು, ಸಾವಕಾಶ ಜಗಿದು, ಉಗುಳಿ, ಆಮೇಲೆ ಮುಂದಿನ ಹೆಜ್ಜೆ. ಅಷ್ಟರಲ್ಲಿ ಬೈಗುಳವೆಲ್ಲ ಮರದ ಬುಡದಲ್ಲೇ ಉದುರಿರುತ್ತಿತ್ತು. ಕಚೇರಿಯಿಂದ “ಮೈಗಳ್ಳರು” ಎಂದು ಹೊರಟದ್ದು ನಮ್ಮ ಹತ್ತಿರ ಬರುವಾಗ “ನಾಳಿ ಜರಾ ಲಗೂ ಬರ್ರೆವ್ವಾ” ಆಗಿರುತ್ತಿತ್ತು. ನಾನು ಸಾಹುಕಾರರಿಗೆ ಹಾಕಿದ ಶಾಪ ಅಲ್ಲಿ ಏನಾಗಿ ಮುಟ್ಟುತ್ತಿತ್ತೋ, ದೇವರೇ ಬಲ್ಲ.

ಒಂದು ಹಂಗಾಮಿನಲ್ಲಿ ಸಾಹುಕಾರರು, ಕೂಸುಗಳನ್ನು ಗಿರಣಿಗೆ ತರಕೂಡದೆಂದು ಹುಕುಂ ಮಾಡಿದರು. ಅರಳೆಯ ಧೂಳಿಗೆ ಒಂದು ಮಗು ಉಸಿರು ಕಟ್ಟಿ ಕೆಮ್ಮಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಹುಕುಮಿನಲ್ಲಿ ತಪ್ಪಿರಲಿಲ್ಲ. ಆದರೆ ನನ್ನ ಮೊಲೆಗೂಸನ್ನು ಯಾರ ಮಡಿಲಿಗೆ ಹಾಕಿ ಬರಲಿ? ಮರುದಿನ ಸೆರಗಿನಲ್ಲಿ ಮುಚ್ಚಿ ತಂದು ಹತ್ತಿಯ ರಾಶಿಯ ಹಿಂದೆ ಮಲಗಿಸಿದೆ. ಸಾಹುಕಾರರು ಶೆಡ್ಡಿಗೆ ಕಾಲಿಟ್ಟ ಹೊತ್ತಿಗೇ ಅವಳು ಕಿರುಚಿದಳು. ಮಗಳಿಗೂ ನನ್ನದೇ ಬಾಯಿ.

ಅವರು ತಿರುಗಿ ಕಚೇರಿಗೆ ಹೋಗಿ ಚಾಚಾ ಅವರನ್ನು ಕರೆಸಿದರು. “ನಾಳಿಂದ ಅಕಿ ಇಲ್ಲಿ ಕಾಲಿಡಬಾರದು, ಹೋಗಿ ಹೇಳು!” ಎಂದು ಕೂಗಿದ್ದು ನಮಗೆಲ್ಲ ಕೇಳಿಸಿತು. ಚಾಚಾ ಹೊರಟು ಮರದ ಕೆಳಗೆ ನಿಂತರು. ಎಲೆ ಹಾಕಿದರು. ಜಗಿದರು. ಇನ್ನೊಂದು ಹಾಕಿದರು. ನನಗೆ ತಡೆಯಲಾಗಲಿಲ್ಲ. ಕೂಸನ್ನೆತ್ತಿಕೊಂಡು ಅಲ್ಲಿಗೇ ಓಡಿದೆ.

“ಕೆಲಸ ಹೋತು ಅಂತ ಬಾಯಿಬಿಟ್ಟು ಹೇಳ್ರಿ ಚಾಚಾ! ಯಾಕ ಸತಾಯಿಸ್ತೀರಿ?”

ಬಾಯಿ ತುಂಬಿತ್ತು, ತಡೆ ಎಂದು ಕೈ ತೋರಿಸಿದರು. ಉಗುಳಿ ಬಂದು ಮೇಲಿನ ಕೊಂಬೆ ನೋಡಿದರು. ಆಮೇಲೆ ತಲೆಯ ರುಮಾಲು ಬಿಚ್ಚತೊಡಗಿದರು. ಅವರನ್ನು ಬರಿದಲೆಯಲ್ಲಿ ನಾವ್ಯಾರೂ ಕಂಡಿರಲಿಲ್ಲ. ಆ ಉದ್ದನೆಯ ಬಟ್ಟೆಯನ್ನು ಕೊಂಬೆಗೆ ತೊಟ್ಟಿಲಂತೆ ಜೋಳಿಗೆ ಕಟ್ಟಿ, ಜಗ್ಗಿ ನೋಡಿ, ಕೂಸಿಗಾಗಿ ಕೈ ಚಾಚಿದರು.

“ಇಲ್ಲೀತನ ಧೂಳ ಬರಂಗಿಲ್ಲ. ಅತ್ತರ ನಿನಗೂ ಕೇಳಸ್ತೈತಿ. ಹಾಕು ಯವ್ವಾ.”

ಸಾಹುಕಾರರು ಕೆಂಪಾಗಿ ಹೊರಗೆ ಬಂದರು. “ನಾ ಏನ್ ಹೇಳಿ ಕಳಿಸಿದ್ನಿ, ನೀ ಏನ್ ಮಾಡಾಕತ್ತಿ?”

“ಊಟ ಮಾಡಿ ಬಂದ ಮ್ಯಾಲೆ ನೀವು ಏನ್ ಹೇಳ್ತೀರಿ, ಅದನ್ನ ಈಗ ಮಾಡಾಕತ್ತೇನ್ರಿ ಸಾವ್ಕಾರ್ರ.”

ಅವರು ಆ ನರೆತ ಬರಿದಲೆಯನ್ನು ನೋಡಿದರು, ಜೋಳಿಗೆಯನ್ನು ನೋಡಿದರು, ಊಟಕ್ಕೆ ಹೊರಟುಹೋದರು. ಉಂಡು ಬಂದವರು ಮರದ ಹತ್ತಿರ ನಿಂತು, “ಗಂಟು ಬಿಗಿ ಐತಿಲ್ಲೊ?” ಎಂದಷ್ಟೇ ಕೇಳಿದರು. ಮುಂದಿನ ವಾರ ಆ ಕೊಂಬೆಯಲ್ಲಿ ಇನ್ನೂ ಜೋಳಿಗೆಗಳು ತೂಗುತ್ತಿದ್ದವು. ಚಾಚಾ ಎಲೆ ಜಗಿಯುತ್ತ ಒಂದೊಂದನ್ನೂ ತೂಗಿ ಮುಂದೆ ಹೋಗುತ್ತಿದ್ದರು.

ಸ್ವಾತಂತ್ರ್ಯ ಬಂದ ಮೇಲಿನ ಒಂದು ಚಳಿಗಾಲ, ಟಿಕೋಟಾದ ಗಾಡಿಯವನು, ಚಾಚಾ ಅಲ್ಲಿ ತಮ್ಮನ ಮನೆಯಲ್ಲಿ ತೀರಿಕೊಂಡ ಸುದ್ದಿ ತಂದ. ಗೇಟಿನಲ್ಲಿ ಬಬಲೇಶ್ವರದ ಹತ್ತಿ ಗಾಡಿಗಳು ಸಾಲಾಗಿ ನಿಂತಿದ್ದವು, ಯಂತ್ರಗಳು ಓಡುತ್ತಿದ್ದವು. ಹೋಗಿ ಮುಖ ನೋಡಬೇಕೆಂದು ನಮ್ಮೆಲ್ಲರ ಜೀವ ಚಡಪಡಿಸುತ್ತಿತ್ತು. ಆದರೆ ಗಿರಣಿ ನಿಲ್ಲಿಸಿರೆಂದು ಸಾಹುಕಾರರನ್ನು ಕೇಳಲು ಹೋಗುವವರು ಯಾರು? ಹೋಗುತ್ತಿದ್ದವರು ಚಾಚಾ ಒಬ್ಬರೇ.

ಕೊನೆಗೆ ನಾನೆದ್ದೆ. ಮರದ ಕೆಳಗೆ ಬಂದಾಗ ಕಾಲು ತಾನಾಗಿ ನಿಂತಿತು. ಅಲ್ಲಿ ಹೊಟ್ಟೆ ತುಂಬ ಅತ್ತೆ. ಕಣ್ಣೊರೆಸಿಕೊಂಡು ಹೋದರೆ ಸಾಹುಕಾರರು ಟೊಪ್ಪಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. “ಯಾರಾದ್ರೂ ಕೇಳಾಕ ಬರ್ತೀರೇನೋ ಅಂತ ಆವಾಗಿಂದ ಕಾಯಾಕತ್ತೇನಿ ಬೇ” ಎಂದರು. ಗಿರಣಿ ನಿಲ್ಲಿಸಿ ನಮ್ಮ ಜೊತೆಗೇ ಹೊರಟರು.

ಆಮೇಲೆ ಆ ದಾರಿ ನಡೆಯುವ ಕೆಲಸ ನನ್ನ ಪಾಲಿಗೇ ಬಂತು. ಎಲೆ ನನಗೆ ಒಗ್ಗುವುದಿಲ್ಲ, ತಲೆ ಸುತ್ತುತ್ತದೆ. ಬಾಯಿ ಖಾಲಿ ಇಟ್ಟುಕೊಂಡೇ ಅಲ್ಲಿ ನಿಂತು, ಸಿಟ್ಟಿಳಿದ ಮೇಲೆ ಮುಂದೆ ಹೋಗುತ್ತಿದ್ದೆ. ನನ್ನಂಥ ಬಾಯಿಬಡಕಿಗೆ ಅದು ಸುಲಭವಾಗಿರಲಿಲ್ಲ. ಚಾಚಾ ಅವರ ರುಮಾಲು ಮಾತ್ರ ನನ್ನಲ್ಲೇ ಉಳಿಯಿತು. ಅವರು ಅದನ್ನು ಎಂದೂ ಹಿಂದಕ್ಕೆ ಕೇಳಲಿಲ್ಲ. ಮಗಳ ಮಕ್ಕಳೂ ಅದರಲ್ಲೇ ಮಲಗಿ ದೊಡ್ಡವರಾದರು.