ಖಾಲಿ ಫೈಲಿನ ಚೆಕ್‌ಸಮ್

ಗೆಳೆಯರೇ, ಇವತ್ತು ನನ್ನ ಹೊಸ ಪ್ರೋಗ್ರಾಮಿಗೆ ಮೊದಲ ದಿನವೇ ಮಂಗಳಾರತಿಯಾಯಿತು.

ಕರೂರಿನ ನಮ್ಮ ಕಾರ್ಖಾನೆಯಿಂದ ಹರಿಹರದ ಘಟಕಕ್ಕೆ ಡ್ರಾಯಿಂಗ್‌ಗಳ ಫೋಲ್ಡರ್ ಹೋಗುತ್ತದೆ. ಫೈಲುಗಳನ್ನೂ ಅವುಗಳ ಹೆಸರನ್ನೂ ಸೇರಿಸಿ ಪ್ರೋಗ್ರಾಮ್ ಎರಡೂ ಕಡೆ ಚೆಕ್‌ಸಮ್ ಎಂಬ ತಾಳೆಸಂಖ್ಯೆ ತೆಗೆಯುತ್ತದೆ. ಅವೆರಡೂ ಒಂದೇ ಆದರೆ ಮಾತ್ರ ಅಲ್ಲಿ ಯಂತ್ರ ಶುರು. ಇವತ್ತು ಮೂರು ಸಲ ಕಳಿಸಿದರೂ ತಾಳೆಯಾಗಲಿಲ್ಲ.

ಹರಿಹರದ ಕಂಪ್ಯೂಟರ್ ನೋಡಿಕೊಳ್ಳುವ ನಾಗರತ್ನಕ್ಕನಿಗೆ ಫೋನ್ ಮಾಡಿದೆ. "ಅಕ್ಕಾ, ಫೋಲ್ಡರ್‌ನಾಗೆ ಏನಾದ್ರೂ ಮುಟ್ಟಿದ್ರಾ?"

"ನಾ ಯಾಕ ಮುಟ್ಲಿ? ನಿನ್ ಪ್ರೋಗ್ರಾಮೇ ಸರಿ ಇಲ್ಲ."

ಫೈಲುಗಳ ಪಟ್ಟಿ ಓದಿಸಿದೆ. ನಾನು ಕಳಿಸದ ಒಂದು ಹೆಸರು ಸಿಕ್ಕಿತು: "ಶ್ರೀ".

"ಇದೇನಕ್ಕಾ?"

"ಹೊಸ ಫೋಲ್ಡರ್ ಅಲ್ವಾ, ಶ್ರೀ ಅಂತ ಒಂದು ಫೈಲ್ ಹಾಕೀನಿ. ಒಳಗೇನಿಲ್ಲ, ಖಾಲಿ ಐತೆ."

"ಖಾಲಿ ಇದ್ರೂ ಹೆಸರು ಲೆಕ್ಕಕ್ಕೆ ಬರ್ತೈತೆ. ಅಳಿಸ್ರಿ ಅಕ್ಕಾ."

"ಶ್ರೀ ಅಳಿಸಾದಾ? ನೀನೇ ಬಂದು ಅಳಿಸು, ನೋಡಾನ!"

ನನಗೂ ಧೈರ್ಯ ಬರಲಿಲ್ಲ. ಇಲ್ಲಿನ ಫೋಲ್ಡರ್‌ಗೂ ಒಂದು ಖಾಲಿ "ಶ್ರೀ" ಹಾಕಿದೆ. ಚೆಕ್‌ಸಮ್ ತಾಳೆಯಾಗಿ ಹರಿಹರದಲ್ಲಿ ಯಂತ್ರ ಗುರ್ ಅಂದಿತು.

"ತಪ್ಪು ಎಲ್ಲಿತ್ರೀ?" ಎಂದರು ನಮ್ಮ ಮ್ಯಾನೇಜರ್.

"ನಮ್ಮ ಕಡೆ ಶ್ರೀಕಾರ ಹಾಕಿರಲಿಲ್ಲ ಸರ್" ಎಂದೆ.