ಗಾಜಣ್ಣ ಮುಚ್ಚಿದ ಕಿಟಕಿಗಳು

ಗಾಜು ಒಡೆದ ಸದ್ದು ಕೇಳಿದರೆ ಆ ಬೀದಿಯವರೆಲ್ಲ ತಲೆ ಹೊರಗೆ ಹಾಕಿ ನೋಡುತ್ತಿದ್ದರು. ಗಾಜಣ್ಣ ಮಾತ್ರ ಅಳತೆಯ ಟೇಪು ಹುಡುಕುತ್ತಿದ್ದ. ಕಿಟಕಿಗೆ ಗಾಜು ಕೂರಿಸುವುದು ಅವನ ಕಸುಬು, ಅದಕ್ಕೇ ಬೀದಿ ಇಟ್ಟ ಹೆಸರು ಅದು. ಮನೆಯ ಮುಂದಿನ ಕೋಣೆಯೇ ಅಂಗಡಿ: ಗೋಡೆಗೆ ಒರಗಿಸಿದ ಗಾಜಿನ ಹಾಳೆಗಳು, ಕಂಬಳಿ ಹಾಸಿದ ಉದ್ದನೆಯ ಮೇಜು, ಮೂಲೆಯಲ್ಲಿ ಚೂರು ತುಂಬುವ ಡಬ್ಬ. ಮೇಜಿನ ಮೇಲೆ ಹಾಳೆ ಮಲಗಿಸಿ, ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಗೆರೆ ಕೊಯ್ದು, ಕೊಯ್ದ ಕೂಡಲೇ ಟಕ್ಕೆಂದು ಮುರಿಯುತ್ತಿದ್ದ. ತಡಮಾಡಿದರೆ ಗೆರೆ ಆರಿಹೋಗುತ್ತದೆ. ಆಮೇಲೆ ಗಾಜು ಮಾತು ಕೇಳುವುದಿಲ್ಲ, ತನಗೆ ತೋಚಿದ ಕಡೆ ಓಡುತ್ತದೆ.

ಕಸುಬು ಕಲಿಸಿದವನು ಅವನಪ್ಪ. ಕಲಿಸಿದ್ದು ಬಾಯಿಂದಲ್ಲ, ಮರದ ಅಳತೆಪಟ್ಟಿಯಿಂದ. ಹಾಳೆ ಸೀಳಿತೆಂದು ಮಗನ ಬೆನ್ನ ಮೇಲೆ ಪಟ್ಟಿ ಮುರಿಯುವ ತನಕ ಬಡಿದು, ಪಟ್ಟಿ ಮುರಿಯಿತಲ್ಲ ಎಂದು ಮತ್ತೆರಡು ಬಿಗಿಯುತ್ತಿದ್ದ ಮಹಾನುಭಾವ. ತನಗೆ ಮಗ ಹುಟ್ಟಿದಾಗ ಗಾಜಣ್ಣ ಮನಸ್ಸಿನಲ್ಲೇ ಆಣೆ ಮಾಡಿದ: ಈ ಕೂಸಿಗೆ ಕೈ ಎತ್ತುವುದಿಲ್ಲ, ಗದರುವುದೂ ಇಲ್ಲ. ಆ ಆಣೆಯನ್ನು ಉಳಿಸಿಕೊಂಡ. ಕೋಪ ಬಂದರೆ ಹಲ್ಲು ಕಚ್ಚಿ ನುಂಗಿ ಮೇಜಿನತ್ತ ತಿರುಗುತ್ತಿದ್ದ. ಹಾಗೆ ನುಂಗುವುದನ್ನು ಮಗನಿಗೂ ಕಲಿಸಬೇಕೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಹುಡುಗನಿಗೋ ಕೋಪ ಮೂಗಿನ ತುದಿಯಲ್ಲೇ. ಚಿಕ್ಕವನಿದ್ದಾಗ ಆಟದಲ್ಲಿ ಸೋತ ಸಿಟ್ಟಿಗೆ ಪಕ್ಕದ ಮನೆಯ ಕಿಟಕಿಗೆ ಕಲ್ಲು ಬೀಸಿದ. ಆ ಮನೆಯವರು ಕೆಲಸದಿಂದ ಬರುವಷ್ಟರಲ್ಲಿ ಗಾಜಣ್ಣ ಹೊಸ ಗಾಜು ಕೂರಿಸಿ, ಅಂಚಿಗೆ ಗಾಜು ಹಿಡಿದಿಡುವ ಪುಟ್ಟಿ ಮೆತ್ತಿ, ಚೂರು ಗುಡಿಸಿ, ಏನೂ ಅರಿಯದವನಂತೆ ಕೂತಿದ್ದ. ಯಾರಿಗೂ ಗೊತ್ತಾಗಲಿಲ್ಲವೆಂದು ಒಳಗೊಳಗೇ ಹಿಗ್ಗಿದ. ಆಮೇಲೆ ಶಾಲೆಯ ಕಿಟಕಿ. ಆಮೇಲೆ ಬಸ್ ನಿಲ್ದಾಣದ್ದು. ಎಷ್ಟು ಮುಚ್ಚಿಟ್ಟರೂ ಬೀದಿಗೆ ತಿಳಿಯದೆ ಇರುತ್ತದೆಯೇ?

"ಗಾಜಣ್ಣಂಗೆ ವ್ಯಾಪಾರ ಡಲ್ ಆದ್ರೆ ಮಗನ್ನ ಬೀದಿಗೆ ಬಿಡ್ತಾನೆ ಕಣ್ರೋ!" ಎಂದು ಎದುರಿನ ಕಟಿಂಗ್ ಅಂಗಡಿಯವನು ನಗಾಡಿದ. ಗಾಜಣ್ಣನೂ ನಕ್ಕ. ಹೆಂಡತಿ ನಗಲಿಲ್ಲ.

"ಹೊಡೀಬೇಡಿ, ಒಪ್ಪಿದೆ. ತಪ್ಪು ಅಂತ ಹೇಳೋಕೂ ಬಾಯಿಗೆ ಬೀಗವಾ ನಿಮಗೆ?"

"ಬೆಳೀತಾ ಬೆಳೀತಾ ತಿಳ್ಕೋತಾನೆ ಬಿಡೇ."

"ಏನಂತ ತಿಳ್ಕೋತಾನೆ? ನಾನು ಬೈಯೋಕೆ ಹೋದ್ರೆ ನೀವು ಅಡ್ಡ ಬರ್ತೀರಿ. ತಪ್ಪಾಯ್ತು ಅಂತ ಹೇಳಿ ಬಾರೋ ಅಂದ್ರೆ, 'ಅಪ್ಪ ಹಾಕಿಕೊಟ್ಟಾಯ್ತಲ್ಲ' ಅಂತಾನೆ."

ಗಾಜಣ್ಣ ಎದ್ದು ಚೂರಿನ ಡಬ್ಬ ಖಾಲಿ ಮಾಡಲು ಹೋದ.

ಬೀದಿಯ ತಿರುವಿನಲ್ಲಿ ಹೊಲಿಗೆಯಕ್ಕನ ಮನೆ. ಒಂಟಿ ಹೆಂಗಸು, ಬೆಳಕಿಗೆಂದು ಕಿಟಕಿಯ ಪಕ್ಕದಲ್ಲೇ ಮಿಷನ್ ಇಟ್ಟುಕೊಂಡು ಹೊಲಿದು ಬದುಕುವವಳು. ಗಾಜಣ್ಣನ ಮಗ ಹದಿನಾರಕ್ಕೆ ಕಾಲಿಟ್ಟ ಮೇಲೆ ಗೆಳೆಯರನ್ನು ಕಟ್ಟಿಕೊಂಡು ಆ ಕಿಟಕಿಯ ಹತ್ತಿರ ಸುಳಿದಾಡತೊಡಗಿದ. ಅಕ್ಕನ ಬಳಿ ಕೆಲಸ ಕಲಿಯಲು ಬರುವ ಹುಡುಗಿಯನ್ನು ಕಂಡು ಸಿಳ್ಳೆ ಹಾಕುತ್ತಿದ್ದ. ಒಂದು ಮಧ್ಯಾಹ್ನ ಅಕ್ಕನ ತಾಳ್ಮೆ ಹರಿಯಿತು.

"ಮೂಗು ಒರೆಸ್ಕೊಳ್ಳೋಕೆ ಬರಲ್ಲ, ಸಿಳ್ಳೆ ಬೇರೆ! ನಿನ್ನ ಮೊದಲನೇ ಚಡ್ಡಿ ಹೊಲಿದೋಳು ನಾನು ಕಣೋ. ನಡಿ ಮನೆಗೆ!" ಎಂದು ಕಿಟಕಿ ಮುಚ್ಚಿಕೊಂಡಳು.

ಗೆಳೆಯರು ಬಿದ್ದು ಬಿದ್ದು ನಕ್ಕರು. ಹುಡುಗ ಬಗ್ಗಿ ಕಲ್ಲೆತ್ತಿದ.

ಸದ್ದು ಕೇಳಿದ್ದೇ ತಡ, ಗಾಜಣ್ಣ ಟೇಪು ಹಿಡಿದು ಓಡಿದ. ಜನರ ನಡುವೆ ನುಗ್ಗಿ ನೇರವಾಗಿ ಚೌಕಟ್ಟಿಗೆ ಟೇಪು ಚಾಚಿದ.

"ಮನುಷ್ಯನೇನಯ್ಯಾ ನೀನು? ಕೆಳಗೆ ನೋಡು!" ಕಟಿಂಗ್ ಅಂಗಡಿಯವನು ಚೀರಿದ.

ಮಿಷನ್ನಿನ ಪಕ್ಕ ನೆಲದ ಮೇಲೆ ಅಕ್ಕ ಮುಖ ಹಿಡಿದು ಕೂತಿದ್ದಳು. ಬೆರಳ ಸಂದಿನಿಂದ ರಕ್ತ ಇಳಿಯುತ್ತಿತ್ತು.

ಅವಳನ್ನು ಆಸ್ಪತ್ರೆಗೆ ಸಾಗಿಸಿದರು. ಖಾಲಿಯಾದ ಕೋಣೆಯಲ್ಲಿ ಗಾಜಣ್ಣನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಕೈಗೆ ಗೊತ್ತಿದ್ದುದು ಒಂದೇ ಕೆಲಸ, ಅದನ್ನೇ ಮಾಡಿತು. ಸಂಜೆ ಪೊಲೀಸರು ಬಂದಾಗ ಚೂರಿಲ್ಲ, ಕಲ್ಲಿಲ್ಲ, ಕಿಟಕಿ ಫಳಫಳ ಹೊಳೆಯುತ್ತಿತ್ತು. ಗೆಳೆಯರು ಪರಾರಿಯಾಗಿದ್ದರು. ಆಸ್ಪತ್ರೆಯಲ್ಲಿದ್ದ ಅಕ್ಕ ಇನ್ನೂ ಮಾತಾಡುವ ಸ್ಥಿತಿಯಲ್ಲಿರಲಿಲ್ಲ, ಬೀದಿಯವರು ಗಾಜಣ್ಣನ ಮುಖ ನೋಡಿ ತಮಗೇನೂ ಗೊತ್ತಿಲ್ಲವೆಂದರು. ಕೆಲಸ ಕಲಿಯುವ ಹುಡುಗಿ ಹೆದರಿ ಬಾಯಿ ಬಿಡಲಿಲ್ಲ.

"ನಾನೇನೂ ಒಡೆದಿಲ್ಲ ಸಾರ್. ಬೇಕಾದ್ರೆ ನೋಡಿ," ಎಂದು ಹುಡುಗ ಕಿಟಕಿಯತ್ತ ಕೈ ತೋರಿಸಿದ. ಮುಖದಲ್ಲಿ ಅಳುಕಿಲ್ಲ. ಅಪ್ಪನ ಕೆಲಸದ ಮೇಲೆ ಅವನಿಗೆ ಅಷ್ಟು ನಂಬಿಕೆ.

ಇನ್‌ಸ್ಪೆಕ್ಟರು ಗಾಜಣ್ಣನ ಕಡೆ ತಿರುಗಿದರು. "ಈ ಗಾಜು ಯಾವಾಗಿಂದಯ್ಯಾ?"

ಹಳೇದು ಎಂದರೆ ಸಾಕಿತ್ತು, ಮಗ ಮನೆಯಲ್ಲೇ ಉಳಿಯುತ್ತಿದ್ದ. ಗಾಜಣ್ಣ ಅಂಚಿನ ಪುಟ್ಟಿಯ ಮೇಲೆ ಹೆಬ್ಬೆರಳು ಒತ್ತಿದ. ಇನ್ನೂ ಮೆತ್ತಗಿತ್ತು, ಗುರುತು ಬಿತ್ತು.

"ಇವತ್ತಿಂದು ಸಾರ್. ನಾನೇ ಹಾಕಿದ್ದು. ಒಡೆದೋನು ನನ್ನ ಮಗ."

"ಅಪ್ಪಾ!" ಹುಡುಗ ನಿಜಕ್ಕೂ ಬೆಚ್ಚಿಬಿದ್ದ. "ಇಷ್ಟು ದಿನ ಇಲ್ದಿದ್ದು, ಇವತ್ತೇನು ಬಂತು ನಿಂಗೆ?"

ಅಕ್ಕನ ಒಂದು ಕಣ್ಣು ಹೋಯಿತು. ಹುಡುಗ ಬಾಲಮಂದಿರ ಸೇರಿದ. ನೋಡಲು ಹೋದ ಗಾಜಣ್ಣ ಬೆಂಚಿನ ಮೇಲೆ ಅವನೆದುರು ಕೂತು, ದಾರಿಯುದ್ದಕ್ಕೂ ಕೂಡಿಸಿಕೊಂಡಿದ್ದ ಮಾತನ್ನು ಹೇಳಿದ. "ಅಕ್ಕನ ಕಣ್ಣು ಹೋಯ್ತು ಕಣೋ. ಒಂದು ಸಲ ಬಾಯಿಬಿಟ್ಟು ತಪ್ಪಾಯ್ತು ಅನ್ನು. ನನ್ನ ಮುಂದೆ ಅಂದ್ರೂ ಸಾಕು."

ಹುಡುಗ ಉಗುರು ಕೆರೆಯುತ್ತಾ ಹೇಳಿದ: "ಗಾಜಿನ ಕಣ್ಣು ಹಾಕ್ಸು. ನಿನ್ನ ಕೆಲಸಾನೇ ಅಲ್ವಾ ಅದು?"

ಗಾಜಣ್ಣನ ಕೈ ಮೇಲೆದ್ದಿತು. ಅದು ತನ್ನದಲ್ಲ, ತನ್ನಪ್ಪನ ಕೈ ಎಂದು ಅವನಿಗೆ ಅಲ್ಲೇ ಗುರುತು ಸಿಕ್ಕಿತು. ಹುಡುಗ ರೆಪ್ಪೆ ಸಹ ಬಡಿಯಲಿಲ್ಲ; ಅಪ್ಪನ ಕೈ ಬೀಳುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಹೊಡೆದರೂ, ಹೇಳಿದರೂ, ಗೆರೆ ಆರಿ ಬಹಳ ಕಾಲವಾಗಿತ್ತು. ಕೈ ತಾನಾಗಿಯೇ ಇಳಿಯಿತು.

ವಾಪಸು ಬರುವಾಗ ಹೊಲಿಗೆಯಕ್ಕ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಮಿಷನ್ನಿಗೆ ಬಟ್ಟೆ ಮುಚ್ಚಿತ್ತು.

"ಗಾಜಣ್ಣ, ನಿನ್ನ ಗಾಜು ತಗೊಂಡು ಹೋಗು. ನಂಗೆ ಬೇಡ."

"ಗಾಳಿ, ಧೂಳು ಬರುತ್ತಲ್ಲಕ್ಕಾ..."

"ಬರಲಿ."

ಪುಟ್ಟಿ ಒಣಗಿ ಕಲ್ಲಾಗಿತ್ತು. ಎಷ್ಟು ನಾಜೂಕಾಗಿ ಕೆತ್ತಿದರೂ ಹಾಳೆ ಅಡ್ಡಡ್ಡ ಸೀಳಿತು. ಚೂರುಗಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಅವನು ಮನೆಗೆ ಬಂದ. ಅಕ್ಕ ಚೌಕಟ್ಟಿಗೆ ರಟ್ಟು ಹೊಡೆದುಕೊಂಡಳು. ಆ ಬೀದಿಯಲ್ಲಿ ಹುಡುಗ ಒಡೆದದ್ದು ಒಡೆದ ಹಾಗೇ ಉಳಿದ ಮೊದಲ ಕಿಟಕಿ ಅದು. ಗಾಜಣ್ಣನ ಮೇಜಿನಿಂದ ಅದು ನೇರವಾಗಿ ಕಾಣುತ್ತದೆ. ನೋಡಬೇಕಾದವನು ಮಾತ್ರ ಅಲ್ಲಿಲ್ಲ.